1000 ಸಿಂಬಲ್ ತಡವಾಗಿ ಬರುವ ಉತ್ತರ

ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 400 ಗಿಗಾಬಿಟ್‌ನ ಒಂದು ಆಪ್ಟಿಕಲ್ ಮಾಡ್ಯೂಲ್ (ಡೇಟಾವನ್ನು ಬೆಳಕು ಮಾಡಿ ಫೈಬರ್‌ಗೆ ಕಳಿಸುವ ಸಾಧನ) ಸೆಕೆಂಡಿಗೆ ಸುಮಾರು 6,000 ಕೋಟಿ ಸಿಂಬಲ್ ಕಳಿಸುತ್ತದೆ. ಸಿಂಬಲ್ ಅಂದರೆ ಕೆಲವು ಬಿಟ್ ಹೊತ್ತ ಬೆಳಕಿನ ಒಂದು ತುಣುಕು. ಭಾಗಿಸಿ ನೋಡಿ. ಗಾಜಿನೊಳಗೆ ಒಂದು ಸಿಂಬಲ್ ಹಿಡಿಯುವ ಜಾಗ ಮೂರು ಮಿಲಿಮೀಟರ್ ಚಿಲ್ಲರೆ. ಅದು ಬಂದು ಹೋಗಲು ಬೇಕಾದ ಸಮಯ 16.7 ಪಿಕೊಸೆಕೆಂಡ್.

ಈಗ ಅದನ್ನು ಓದುವ ಚಿಪ್ ಕಡೆ ಬನ್ನಿ. ಅದರೊಳಗಿನ ಲೆಕ್ಕದ ಭಾಗ 500 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ ಅಂತ ಇಟ್ಟುಕೊಳ್ಳೋಣ. ಒಂದು ಕ್ಲಾಕ್, ಅಂದರೆ ಚಿಪ್ ಒಂದು ಹೆಜ್ಜೆ ಇಡುವ ಸಮಯ, 2 ನ್ಯಾನೊಸೆಕೆಂಡ್. ಅಷ್ಟರಲ್ಲಿ 40 ಸೆಂಟಿಮೀಟರ್ ಬೆಳಕು, ಅಂದರೆ 120 ಸಿಂಬಲ್, ಒಳಗೆ ಬಂದಿರುತ್ತದೆ. ಮುಂದಿನ ಕ್ಲಾಕಿಗೆ ಇನ್ನೂ 120. ಅದರ ಮುಂದಿನದಕ್ಕೆ ಮತ್ತೆ 120. ಸ್ವಲ್ಪ ತಡಿ, ಹಿಂದಿನದು ಮುಗಿಸಿ ಬರ್ತೀನಿ ಅಂತ ಹೇಳುವ ದಾರಿ ಇಲ್ಲ. ಲೇಸರ್ ಆಫ್ ಮಾಡುವವರೆಗೂ ಇದು ನಿಲ್ಲುವುದಿಲ್ಲ.

ನನ್ನ ಕೆಲಸ ಇಂಥ ಚಿಪ್‌ನ ಡಿಎಸ್‌ಪಿ ಭಾಗ, ಅಂದರೆ ಸಿಗ್ನಲ್ಲನ್ನು ಸಂಖ್ಯೆಗಳಾಗಿ ಲೆಕ್ಕ ಮಾಡುವ ಭಾಗ, ಸರಿಯಾಗಿ ಕೆಲಸ ಮಾಡುತ್ತದಾ ಅಂತ ನೋಡುವುದು. ಮೊದಲು ಸಿಮ್ಯುಲೇಶನ್‌ನಲ್ಲಿ, ಆಮೇಲೆ ಚಿಪ್ ಫ್ಯಾಬ್‌ನಿಂದ ಬಂದ ಮೇಲೆ ಲ್ಯಾಬ್‌ನಲ್ಲಿ. ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ಆಫೀಸು. ಊರು ಸಾಗರದ ಹತ್ತಿರ. ಊರಿಗೆ ಹೋದಾಗ ಚಿಕ್ಕಮ್ಮ "ಇಂಟರ್ನೆಟ್ ರಿಪೇರಿ ಕೆಲಸ ಅಲ್ವನೇ ನಿಂದು?" ಅಂತ ಕೇಳುತ್ತಾರೆ. ಹೂಂ ಅಂದುಬಿಡುತ್ತೇನೆ. ಅಷ್ಟೇನೂ ತಪ್ಪಲ್ಲ. ದಾರಿಯಲ್ಲಿ ಕೆಟ್ಟು ಬಂದ ಸಿಗ್ನಲ್ಲನ್ನು ಬಂದ ಹಾಗೇ ರಿಪೇರಿ ಮಾಡುವ ಚಿಪ್ ಇದು.

ಏನೇನು ಕೆಡುತ್ತದೆ ಅನ್ನುವುದಕ್ಕೆ ಮೊದಲು ಏನು ಕಳಿಸುತ್ತಾರೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. 400ಜಡ್‌ಆರ್ ಅನ್ನುವ ಮಾನದಂಡವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆಪ್ಟಿಕಲ್ ಕಂಪನಿಗಳ ಒಕ್ಕೂಟವಾದ ಒಐಎಫ್ ಇದನ್ನು 2020ರಲ್ಲಿ ಹೊರತಂದಿತು. ಡೇಟಾ ಸೆಂಟರುಗಳ ನಡುವೆ 120 ಕಿಲೋಮೀಟರ್ ವರೆಗಿನ ದಾರಿಗೆ ಮಾಡಿದ್ದು. ಬೆಳಕಿಗೆ ಎರಡು ಪೋಲರೈಸೇಶನ್, ಅಂದರೆ ಅಲೆ ಕಂಪಿಸುವ ಎರಡು ದಿಕ್ಕು, ಇರುತ್ತವೆ, ಎಕ್ಸ್ ಮತ್ತು ವೈ. ಒಂದೊಂದರಲ್ಲೂ 16-ಕ್ಯೂಎಎಂ: ಅಲೆಯ ಗಾತ್ರ ಮತ್ತು ಫೇಸ್ (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಅನ್ನುವ ಕೋನ) ಸೇರಿ 16 ಚುಕ್ಕಿಗಳಲ್ಲಿ ಒಂದು, ಅಂದರೆ ಸಿಂಬಲ್ಲಿಗೆ 4 ಬಿಟ್. ಎರಡೂ ಸೇರಿ 8 ಬಿಟ್. ಸೆಕೆಂಡಿಗೆ 59.84 ಗಿಗಾ ಸಿಂಬಲ್. ಗುಣಿಸಿದರೆ 400ಕ್ಕಿಂತ ಜಾಸ್ತಿ ಬರುತ್ತದೆ, 478 ಚಿಲ್ಲರೆ. ಆ ಜಾಸ್ತಿ ಭಾಗ ತಪ್ಪು ತಿದ್ದುವ ಬಿಟ್‌ಗಳಿಗೆ ಮತ್ತು ಪೈಲಟ್ ಸಿಂಬಲ್‌ಗಳಿಗೆ (ರಿಸೀವರ್‌ಗೆ ಮೊದಲೇ ಗೊತ್ತಿರುವ ಸಿಂಬಲ್‌ಗಳು) ಹೋಗುತ್ತದೆ. ರಿಸೀವರ್‌ನಲ್ಲಿ ಇನ್ನೊಂದು ಲೇಸರ್ ಇರುತ್ತದೆ. ಬಂದ ಬೆಳಕನ್ನು ಅದರ ಜೊತೆ ಬೆರೆಸಿದಾಗ ನಾಲ್ಕು ವಿದ್ಯುತ್ ಸಿಗ್ನಲ್ ಸಿಗುತ್ತವೆ. ನಾಲ್ಕು ಎಡಿಸಿ ಅವನ್ನು ಸಂಖ್ಯೆಗಳನ್ನಾಗಿ ಮಾಡುತ್ತವೆ. ಅಲ್ಲಿಂದ ಮುಂದೆ ಎಲ್ಲಾ ಲೆಕ್ಕ.

ಹೀಗೆ ತನ್ನದೇ ಲೇಸರ್ ಜೊತೆ ಬೆರೆಸಿ ಓದುವ ಕೊಹೆರೆಂಟ್ ರಿಸೀವರ್ ಹೊಸ ಯೋಚನೆಯಲ್ಲ. 1980ರ ದಶಕದಲ್ಲೇ ಜನ ಇದರ ಹಿಂದೆ ಬಿದ್ದಿದ್ದರು. ಅಷ್ಟರಲ್ಲಿ ಎರ್ಬಿಯಂ ಆಂಪ್ಲಿಫೈಯರ್ ಬಂತು. ಬೆಳಕನ್ನು ಬೆಳಕಾಗಿಯೇ ದೊಡ್ಡದು ಮಾಡಬಹುದು ಅಂದ ಮೇಲೆ ಇಷ್ಟು ಕಷ್ಟ ಯಾರಿಗೆ ಬೇಕು ಅಂತ ಎಲ್ಲರೂ ಬಿಟ್ಟರು. ಮತ್ತೆ ಜೀವ ಬಂದದ್ದು ಸಿಲಿಕಾನ್ ಸಾಕಷ್ಟು ವೇಗವಾದ ಮೇಲೆ. 2008ರಲ್ಲಿ ಕೆನಡಾದ ಟೆಲಿಕಾಂ ಕಂಪನಿ ನಾರ್ಟೆಲ್‌ನ ಕಿಮ್ ರಾಬರ್ಟ್ಸ್ ಮತ್ತು ಜೊತೆಗಾರರು 40 ಗಿಗಾಬಿಟ್ ಕೊಹೆರೆಂಟ್ ಸಿಗ್ನಲ್ಲನ್ನು 90 ನ್ಯಾನೊಮೀಟರ್ ಸಿಎಂಒಎಸ್ ಚಿಪ್‌ನಲ್ಲಿ ರಿಯಲ್ ಟೈಮಿನಲ್ಲೇ ಓದಿದ ಅಳತೆಗಳನ್ನು ಪ್ರಕಟಿಸಿದರು. ಮರುವರ್ಷ ನಾರ್ಟೆಲ್ ದಿವಾಳಿ ಎದ್ದಿತು. ಅದರ ಆಪ್ಟಿಕಲ್ ಭಾಗ 2010ರಲ್ಲಿ ಅಮೆರಿಕದ ಸಿಯೆನಾ ಕಂಪನಿಯ ಪಾಲಾಯಿತು. ಕಂಪನಿ ಹೋಯಿತು, ಅವರು ತೋರಿಸಿದ ದಾರಿಯಲ್ಲಿ ಈಗ ಇಡೀ ಉದ್ಯಮ ನಡೆಯುತ್ತಿದೆ.

ಅವರ ಅಳತೆಯಲ್ಲಿ ನನಗೆ ಮುಖ್ಯ ಅನಿಸುವುದು 40 ಗಿಗಾಬಿಟ್ ಅಲ್ಲ, ರಿಯಲ್ ಟೈಮ್. ಅದಕ್ಕಿಂತ ಮೊದಲು ಬಹಳಷ್ಟು ಪ್ರಯೋಗ ನಡೆದದ್ದು ಆಫ್‌ಲೈನ್. ಒಂದು ದುಬಾರಿ ಆಸಿಲೋಸ್ಕೋಪ್ ಇಟ್ಟು ಸ್ವಲ್ಪ ಸಿಗ್ನಲ್ ಹಿಡಿದುಕೊಳ್ಳುವುದು. ಆಮೇಲೆ ಕಂಪ್ಯೂಟರಿಗೆ ಹಾಕಿ ಆರಾಮಾಗಿ ಲೆಕ್ಕ ಮಾಡುವುದು. ಸೆಕೆಂಡಿಗೆ 80 ಗಿಗಾ ಸ್ಯಾಂಪಲ್ ಹಿಡಿಯುವ ಸ್ಕೋಪ್‌ನಲ್ಲಿ 10 ಲಕ್ಷ ಸ್ಯಾಂಪಲ್ ಅಂದರೆ ಬರೀ 12.5 ಮೈಕ್ರೊಸೆಕೆಂಡ್. ಅಷ್ಟನ್ನು ಇಡೀ ಮಧ್ಯಾಹ್ನ ಕೂತು ಬಿಡಿಸಬಹುದು. ಎರಡು ಸಲ ಓದಬಹುದು, ಹಿಂದಿನಿಂದ ಮುಂದಕ್ಕೆ ಓದಬಹುದು, ಸರಿಹೋಗಲಿಲ್ಲ ಅಂದರೆ ಫಿಲ್ಟರ್ ಬದಲಿಸಿ ಇನ್ನೊಂದು ಸಲ ಓಡಿಸಬಹುದು. ಚಿಪ್‌ಗೆ ಈ ಯಾವ ಸೌಲಭ್ಯವೂ ಇಲ್ಲ. ಒಂದೇ ಸಲ, ಒಂದೇ ದಿಕ್ಕು, ವರ್ಷಗಟ್ಟಲೆ.

ಹಾಗಾಗಿ ಯಾರಾದರೂ ಹೊಸ ಅಲ್ಗಾರಿದಂ ತಂದು ತೋರಿಸಿದರೆ ನಾನು ಮೊದಲು ನೋಡುವುದು ಅದರ ಗ್ರಾಫ್ ಅಲ್ಲ. ಇದರಲ್ಲಿ ಲೂಪ್, ಅಂದರೆ ಉತ್ತರ ನೋಡಿ ಹಿಂದಕ್ಕೆ ಹೋಗಿ ತಿದ್ದುವ ಸುತ್ತು, ಎಲ್ಲಿದೆ? ಆ ಲೂಪ್‌ನಲ್ಲಿ ಎಷ್ಟು ತಡ ಇಟ್ಟು ನೋಡಿದ್ದೀರಿ? ಬಹಳ ಸಲ ಉತ್ತರ ಒಂದೇ ಇರುತ್ತದೆ: ಒಂದು ಸಿಂಬಲ್. ಅಂದರೆ ಈ ಸಿಂಬಲ್ಲಿನ ತಪ್ಪು ನೋಡಿ ಮುಂದಿನ ಸಿಂಬಲ್ಲಿಗೇ ಫಿಲ್ಟರ್ ತಿದ್ದಿಕೊಂಡಿರುತ್ತಾರೆ. ಮ್ಯಾಟ್‌ಲ್ಯಾಬ್ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಅದು ಒಂದು ಫಾರ್ ಲೂಪ್. ಸಿಲಿಕಾನ್‌ನಲ್ಲಿ ಅದು ಆಗದ ಮಾತು.

ಯಾಕೆ ಆಗದು ಅಂತ ಹೇಳಲು ನಮ್ಮ ಕಡೆಯ ಅಡಿಕೆ ಸುಲಿತವೇ ಸಾಕು. ಕೊಯ್ಲಿನ ಕಾಲದಲ್ಲಿ ಜಗಲಿಯ ಮೇಲೆ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತು ಸುಲಿಯುತ್ತಾರೆ. ಸುಲಿದದ್ದು ಬುಟ್ಟಿಗೆ, ಬುಟ್ಟಿಯಿಂದ ಹಂಡೆಗೆ. ಬೇಯಿಸುವವರು ಹಂಡೆಯ ಹತ್ತಿರ ನೋಡಿ "ಕಾಯಿ ಬಲಿತಿದೆ, ಬೇರೆ ಮಾಡಿ" ಅಂತ ಕೂಗುವ ಹೊತ್ತಿಗೆ ಜಗಲಿಯಲ್ಲಿ ಇನ್ನೂ ಎಷ್ಟೋ ಬುಟ್ಟಿ ಹಳೇ ಲೆಕ್ಕದಲ್ಲೇ ಸುಲಿದಾಗಿರುತ್ತದೆ. ನಮ್ಮ ಚಿಪ್‌ನಲ್ಲಿ ಜಗಲಿಯ ಮೇಲೆ 120 ಜನ ಒಟ್ಟಿಗೆ ಸುಲಿಯುತ್ತಿದ್ದಾರೆ. ಫಿಲ್ಟರ್, ನಿರ್ಧಾರ, ತಪ್ಪಿನ ಲೆಕ್ಕ, ಗುಣಾಕಾರ, ಮತ್ತೆ ಫಿಲ್ಟರ್ ತಿದ್ದುವುದು, ಒಂದೊಂದಕ್ಕೂ ಒಂದೋ ಎರಡೋ ಕ್ಲಾಕ್ ಬೇಕು. ಎಲ್ಲಾ ಸೇರಿ 10 ಕ್ಲಾಕ್ ಆಯಿತು ಅಂದರೂ 1,200 ಸಿಂಬಲ್ ಹೋಗಿಬಿಟ್ಟಿರುತ್ತವೆ. ಬಂದ ತಿದ್ದುಪಡಿ 1,200 ಸಿಂಬಲ್ ಹಿಂದಿನ ಪರಿಸ್ಥಿತಿಗೆ ಸಂಬಂಧಪಟ್ಟದ್ದು. ಇಡೀ ರಿಸೀವರ್ ಹೇಗಿದೆ, ಯಾಕೆ ಹಾಗಿದೆ ಅನ್ನುವುದರ ಬಹುಪಾಲು ಕಾರಣ ಇದೊಂದೇ.

ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ವೇಗದಲ್ಲಿ ಹೋಗಿ ಸಿಗ್ನಲ್ ಹರಡಿಕೊಳ್ಳುವ ಡಿಸ್ಪರ್ಶನ್‌ನಿಂದ ಶುರು ಮಾಡುತ್ತೇನೆ, ಅದು ಸುಲಭದ್ದು. ಮಾಮೂಲಿ ಫೈಬರ್‌ನಲ್ಲಿ 1550 ನ್ಯಾನೊಮೀಟರ್ ಹತ್ತಿರ ಪ್ರತಿ ಕಿಲೋಮೀಟರಿಗೆ, ಪ್ರತಿ ನ್ಯಾನೊಮೀಟರ್ ಅಗಲಕ್ಕೆ, ಸುಮಾರು 17 ಪಿಕೊಸೆಕೆಂಡ್ ಹರಡಿಕೊಳ್ಳುತ್ತದೆ. ನಮ್ಮ ಸಿಗ್ನಲ್ಲಿನ ಅಗಲ 60 ಗಿಗಾಹರ್ಟ್ಸ್, ಅಂದರೆ ಅರ್ಧ ನ್ಯಾನೊಮೀಟರಿಗೆ ಸ್ವಲ್ಪ ಕಮ್ಮಿ. 120 ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಒಂದು ಸಿಂಬಲ್ ಸುಮಾರು 60 ಸಿಂಬಲ್‌ಗಳಷ್ಟು ಜಾಗಕ್ಕೆ ಹರಡಿರುತ್ತದೆ. 1,000 ಕಿಲೋಮೀಟರಿಗೆ ಸುಮಾರು 490. ಕೇಳಲು ಭಯಂಕರ. ಆದರೆ ಇದು ಹಾಗೇ ಇರುತ್ತದೆ, ಬದಲಾಗುವುದಿಲ್ಲ. ಲಿಂಕ್ ಶುರುವಾಗುವಾಗ ಒಂದು ಸಲ ಎಷ್ಟಿದೆ ಅಂತ ಹುಡುಕಿಕೊಂಡರೆ ಆಯಿತು. ಎಫ್‌ಎಫ್‌ಟಿ ಮಾಡು (ಸಿಗ್ನಲ್ಲನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ), ಗುಣಿಸು, ವಾಪಸ್ ಎಫ್‌ಎಫ್‌ಟಿ ಮಾಡು. ಲೂಪ್ ಇಲ್ಲ. ಲೆಕ್ಕವನ್ನು ಹಂತಹಂತವಾಗಿ ಒಡೆದು ಎಷ್ಟು ಬೇಕಾದರೂ ಪೈಪ್‌ಲೈನ್ ಹಾಕಬಹುದು. ಕರೆಂಟ್ ತಿನ್ನುತ್ತದೆ, ತಲೆ ತಿನ್ನುವುದಿಲ್ಲ.

ತಲೆ ತಿನ್ನುವುದು ಪೋಲರೈಸೇಶನ್.

ಕಳಿಸುವಾಗ ಎಕ್ಸ್ ಮತ್ತು ವೈ ಬೇರೆ ಬೇರೆ. ಫೈಬರ್‌ನಲ್ಲಿ ಹೋಗುತ್ತಾ ಎರಡೂ ಕಲಸಿಹೋಗುತ್ತವೆ. ಎಷ್ಟು ಕಲಸಿದೆ ಅನ್ನುವುದು ಫೈಬರ್ ಬಾಗಿದ ಹಾಗೆ, ಬಿಸಿಯಾದ ಹಾಗೆ, ಯಾರೋ ರ‍್ಯಾಕ್‌ನ ಬಾಗಿಲು ಹಾಕಿದ ಹಾಗೆ ಬದಲಾಗುತ್ತಲೇ ಇರುತ್ತದೆ. ಬಿಡಿಸಲು ನಾಲ್ಕು ಫಿಲ್ಟರ್‌ಗಳ ಒಂದು ಜಾಲ ಬೇಕು, ಬಟರ್‌ಫ್ಲೈ ಈಕ್ವಲೈಸರ್ ಅನ್ನುತ್ತೇವೆ. ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತಾ ಇರಬೇಕು. ಹಂಡೆಯಿಂದ ಜಗಲಿಗೆ ಕೂಗುವ ಲೂಪ್ ಇದೇ.

ಇದರಲ್ಲಿ ಒಂದು ಹಳೇ ತಮಾಷೆ ಇದೆ. ಈಕ್ವಲೈಸರ್‌ಗೆ ಶುರುವಿನಲ್ಲಿ ಏನೂ ಗೊತ್ತಿರುವುದಿಲ್ಲ. ಏನು ಕಳಿಸಿದ್ದಾರೆ ಅಂತ ಗೊತ್ತಿಲ್ಲದೇ, ಸುಮ್ನೆ ಔಟ್‌ಪುಟ್‌ನ ಗಾತ್ರ ಒಂದೇ ಸಮ ಇರುವ ಹಾಗೆ ತಿದ್ದಿಕೋ ಅಂತ ಹೇಳುವ ಪದ್ಧತಿಗೆ ಸಿಎಂಎ ಅನ್ನುತ್ತಾರೆ. ಲ್ಯಾಬ್‌ಗೆ ಹೊಸದಾಗಿ ಬಂದ ಧಾರವಾಡದ ಹುಡುಗ ಒಬ್ಬ ಇದನ್ನು ಹಾಕಿ ಓಡಿಸುತ್ತಿದ್ದ. ಸ್ಕ್ರೀನಿನ ಮೇಲೆ ಎಡಕ್ಕೆ ಎಕ್ಸ್, ಬಲಕ್ಕೆ ವೈ. ಎರಡರಲ್ಲೂ ಚುಕ್ಕಿ ಗುಂಪುಗಳು ಬಿಡಿಬಿಡಿಯಾಗಿ, ರಂಗೋಲಿಗೆ ಇಟ್ಟ ಹಾಗೆ ನಿಂತಿದ್ದವು. ಈ ಚುಕ್ಕಿ ಚಿತ್ರಕ್ಕೆ ಕಾನ್‌ಸ್ಟಲೇಶನ್ ಅನ್ನುತ್ತೇವೆ. ಅವನು ನನ್ನ ಕಡೆ ತಿರುಗಿ, "ಮೇಡಂ, ಕಾನ್‌ಸ್ಟಲೇಶನ್ ಛಲೋ ಐತ್ರಿ, ಆದ್ರ ವೈದು ಫ್ರೇಮ್ ಲಾಕ್ ಆಗವಲ್ದು" ಅಂದ. ಅಂದರೆ ವೈನಲ್ಲಿ ಬಿಟ್‌ಗಳ ಕಟ್ಟು ಎಲ್ಲಿ ಶುರು ಅಂತ ಸಿಗುತ್ತಿರಲಿಲ್ಲ.

"ಎಕ್ಸ್‌ದು ಬಿಟ್‌ಗಳನ್ನೂ ವೈದು ಬಿಟ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡಪ್ಪ."

ನೋಡಿದ. ಎರಡೂ ಒಂದೇ. ಒಂದು ಕೆಲವು ಸಿಂಬಲ್ ಹಿಂದೆ, ಅಷ್ಟೇ. ಎರಡು ಔಟ್‌ಪುಟ್‌ಗಳೂ ಹೋಗಿ ಒಂದೇ ಪೋಲರೈಸೇಶನ್ ಹಿಡಿದುಕೊಂಡು ಕೂತಿದ್ದವು. ಇನ್ನೊಂದನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಸಿಎಂಎ ದೃಷ್ಟಿಯಲ್ಲಿ ಇದರಲ್ಲಿ ತಪ್ಪೇನೂ ಇಲ್ಲ. ಗಾತ್ರ ಸರಿಯಾಗಿದೆ ತಾನೇ? ಹೇಳಿದ್ದನ್ನು ಮಾಡಿದೆ. ಇದು ಗೊತ್ತಿದ್ದೇ 400ಜಡ್‌ಆರ್‌ನಂಥ ಮಾನದಂಡಗಳಲ್ಲಿ ಮೊದಲೇ ಗೊತ್ತುಮಾಡಿದ ಸಿಂಬಲ್‌ಗಳನ್ನು ನಡುನಡುವೆ ಕಳಿಸುತ್ತಾರೆ. ಪ್ರತಿ 32 ಸಿಂಬಲ್‌ಗೆ ಒಂದು ಪೈಲಟ್. ಎಕ್ಸ್‌ಗೆ ಬೇರೆ ಸಾಲು, ವೈಗೆ ಬೇರೆ ಸಾಲು. ಅದನ್ನು ನೋಡಿಕೊಂಡು ತಿದ್ದಿಕೊಂಡರೆ ಈ ಗೊಂದಲ ಆಗುವುದಿಲ್ಲ. ಚೆಂದದ ಕಾನ್‌ಸ್ಟಲೇಶನ್ ಚಿತ್ರ ಹಾಕಿ ಪ್ರೆಸೆಂಟೇಶನ್ ಮಾಡುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಪೋಲರೈಸೇಶನ್ ಎಷ್ಟು ಬೇಗ ತಿರುಗಬಹುದು? ನೆಲದಡಿ ಹೂತ ಫೈಬರ್ ಆದರೆ ನಿಧಾನ. 400ಜಡ್‌ಆರ್ ರಿಸೀವರ್ ಮಿಲಿಸೆಕೆಂಡಿಗೆ 50 ರೇಡಿಯನ್ ತಿರುಗಿದರೆ ತಾಳಿಕೊಳ್ಳಬೇಕು ಅಂತ ಇದೆ. ಚಿಪ್‌ನ ಲೆಕ್ಕದಲ್ಲಿ ಅದು ಆಮೆ ನಡಿಗೆ. ತೊಂದರೆ ಬರುವುದು ಫೈಬರ್ ಕಂಬ ಹತ್ತಿದಾಗ.

ಹೈಟೆನ್ಶನ್ ವಿದ್ಯುತ್ ಟವರ್‌ಗಳನ್ನು ನೋಡಿರುತ್ತೀರಿ. ತುತ್ತತುದಿಯಲ್ಲಿ ಒಂದು ತೆಳ್ಳಗಿನ ತಂತಿ ಹೋಗುತ್ತದೆ. ಸಿಡಿಲು ಬಡಿದರೆ ಕೆಳಗಿನ ಲೈನ್‌ಗೆ ಬಡಿಯದೆ ತನ್ನ ಮೇಲೆ ಹಾಕಿಕೊಂಡು ನೆಲಕ್ಕೆ ಇಳಿಸುವ ಅರ್ತ್ ತಂತಿ ಅದು. ಈಗ ಬಹಳ ಕಡೆ ಆ ತಂತಿಯ ಹೊಟ್ಟೆಯೊಳಗೇ ಫೈಬರ್ ಇರುತ್ತದೆ. ಒಪಿಜಿಡಬ್ಲ್ಯೂ ಅಂತ ಹೆಸರು. ಪವರ್‌ಗ್ರಿಡ್‌ನವರ ಟೆಲಿಕಾಂ ಜಾಲ ಇಂಥ ತಂತಿಗಳ ಮೇಲೇ ದೇಶದುದ್ದಕ್ಕೂ ಹರಡಿದೆ. ಬುದ್ಧಿವಂತ ಯೋಚನೆ. ಟವರ್ ಹೇಗೂ ಇದೆ, ರಸ್ತೆ ಅಗೆಯುವುದು ಬೇಡ, ಜೆಸಿಬಿ ಕಾಟ ಇಲ್ಲ. ಆದರೆ ನೋಡಿ, ಸಿಡಿಲು ಬಡಿಯಲಿ ಅಂತಲೇ ಮೇಲೆ ಕಟ್ಟಿದ ತಂತಿಯೊಳಗೆ ಫೈಬರ್ ಇಟ್ಟಂತಾಯಿತು.

ಸಿಡಿಲಿಗೆ ಗಾಜು ಸಾಮಾನ್ಯವಾಗಿ ಒಡೆಯುವುದಿಲ್ಲ. ಆಗುವುದು ಬೇರೆ. ಆ ತಂತಿಯ ಎಳೆಗಳು ಹಗ್ಗದ ಹುರಿಯ ಹಾಗೆ ಸುತ್ತಿಕೊಂಡಿರುತ್ತವೆ. ಹತ್ತಾರು ಸಾವಿರ ಆಂಪಿಯರ್ ಕರೆಂಟ್ ಆ ಸುತ್ತಿನಲ್ಲಿ ಹರಿದರೆ ಒಳಗೆ ಫೈಬರ್‌ನ ಉದ್ದಕ್ಕೂ ಆಯಸ್ಕಾಂತ ಕ್ಷೇತ್ರ ಏಳುತ್ತದೆ. ಬೆಳಕಿನ ಪೋಲರೈಸೇಶನ್ ಅದಕ್ಕೆ ತಿರುಗುತ್ತದೆ. ಇದು ಮೈಕಲ್ ಫ್ಯಾರಡೆ 1845ರಲ್ಲಿ ಗಾಜಿನ ತುಂಡಿನಲ್ಲಿ ಕಂಡ ಪರಿಣಾಮವೇ. ಫೀಲ್ಡ್‌ನಲ್ಲಿ ಅಳೆದವರಿಗೆ ಸೆಕೆಂಡಿಗೆ 50 ಲಕ್ಷ ರೇಡಿಯನ್ ಆಸುಪಾಸಿನ ವೇಗ ಸಿಕ್ಕಿದೆ. 50 ರೇಡಿಯನ್ ಪ್ರತಿ ಮಿಲಿಸೆಕೆಂಡ್ ಅನ್ನುವುದಕ್ಕೆ ಹೋಲಿಸಿದರೆ 100 ಪಟ್ಟು.

ಈಗ ಮತ್ತೆ ನಮ್ಮ ಲೂಪ್‌ಗೆ ಬನ್ನಿ. ತಡ 1,200 ಸಿಂಬಲ್, ಅಂದರೆ 20 ನ್ಯಾನೊಸೆಕೆಂಡ್. ಅಷ್ಟರಲ್ಲಿ ಸಿಡಿಲಿನ ವೇಗದಲ್ಲೂ ತಿರುಗುವುದು ಬರೀ 0.1 ರೇಡಿಯನ್. ಅಷ್ಟೇ ತಾನೇ ಅನಿಸಬಹುದು. ಆದರೆ ಲೂಪ್ ಒಂದೇ ಏಟಿಗೆ ತಿದ್ದಿಕೊಳ್ಳುವುದಿಲ್ಲ. ತಡ ಇರುವ ಲೂಪ್‌ನಲ್ಲಿ ಜೋರಾಗಿ ತಿದ್ದಿದರೆ ಅದು ತೂಗಾಡಲು ಶುರುಮಾಡಿ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ತಿದ್ದಬೇಕು. ಸಿಗ್ನಲ್ಲಿನ ಗದ್ದಲವನ್ನು (ನಾಯ್ಸ್) ಸರಾಸರಿ ಮಾಡಿ ತೆಗೆಯಲೂ ಹಾಗೇ ಮಾಡಬೇಕು. ಸರಿಹೋಗಲು 50 ಸುತ್ತು ಬೇಕು ಅಂದುಕೊಳ್ಳಿ, ಆಗ 1 ಮೈಕ್ರೊಸೆಕೆಂಡ್ ಆಯಿತು. ಅಷ್ಟರಲ್ಲಿ ಸಿಡಿಲು 5 ರೇಡಿಯನ್ ತಿರುಗಿಸಿದೆ. ಒಂದು ಪೂರ್ತಿ ಸುತ್ತಿಗೆ ಹತ್ತಿರ. ಎಕ್ಸ್ ಇದ್ದಲ್ಲಿ ವೈ, ವೈ ಇದ್ದಲ್ಲಿ ಎಕ್ಸ್, ಮತ್ತೆ ವಾಪಸ್.

ಇದನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಲು ಪೋಲರೈಸೇಶನ್ ಸ್ಕ್ರಾಂಬ್ಲರ್ ಅಂತ ಒಂದು ಪೆಟ್ಟಿಗೆ ಇದೆ. ವೇಗ ಒತ್ತಿ ಕೊಟ್ಟರೆ ಅಷ್ಟು ವೇಗದಲ್ಲಿ ತಿರುಗಿಸುತ್ತದೆ. ನಾವು ಮೊದಲು ನಿಧಾನವಾಗಿ ಶುರುಮಾಡಿ ಏರಿಸುತ್ತಾ ಹೋಗುತ್ತೇವೆ. ಎಫ್‌ಇಸಿಗೆ (ತಪ್ಪು ತಿದ್ದುವ ಹಂತ) ಮೊದಲಿನ ಬಿಟ್ ಎರರ್ ಸಂಖ್ಯೆ ಒಂದು ಮಿತಿಯವರೆಗೆ ಅಲ್ಲಾಡುವುದೇ ಇಲ್ಲ. ಆಮೇಲೆ ಸ್ವಲ್ಪ ಏರುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಲಿಂಕ್ ಬಿದ್ದುಹೋಗುತ್ತದೆ. ಮೆಟ್ಟಿಲು ಇಳಿದ ಹಾಗಲ್ಲ, ಅಂಚಿನಿಂದ ಜಾರಿದ ಹಾಗೆ. ಆ ಅಂಚು ಎಲ್ಲಿದೆ ಅನ್ನುವುದೇ ನಾವು ಹುಡುಕುವ ಸಂಖ್ಯೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಮಲೆನಾಡಿನಲ್ಲಿ ಮೋಡ ಕಟ್ಟಿ ಗುಡುಗುವುದನ್ನು ಕೇಳಿ ಬೆಳೆದವಳಿಗೆ ಈ ಸಂಖ್ಯೆಯ ಮೇಲೆ ಸ್ವಲ್ಪ ಜಾಸ್ತಿಯೇ ಆಸಕ್ತಿ.

ಇನ್ನೊಂದು ಲೂಪ್ ಕಥೆ ಫೇಸ್‌ದು. ಇಲ್ಲಿ ಎಂಜಿನಿಯರ್‌ಗಳು ಲೂಪ್ ಜೊತೆ ಹೊಡೆದಾಡದೆ ಅದನ್ನೇ ಕೈಬಿಟ್ಟರು.

ಕಳಿಸುವ ಕಡೆಯ ಲೇಸರ್, ರಿಸೀವರ್‌ನ ಲೇಸರ್, ಎರಡೂ ಒಂದೇ ಫ್ರೀಕ್ವೆನ್ಸಿಯಲ್ಲಿರಬೇಕು. ಇರುವುದಿಲ್ಲ. ಒಂದೊಂದೂ 1.8 ಗಿಗಾಹರ್ಟ್ಸ್ ಆಚೀಚೆ ಇರಬಹುದು ಅಂತ ಮಾನದಂಡವೇ ಬಿಟ್ಟಿದೆ. ಕೆಟ್ಟ ಜೋಡಿ ಸಿಕ್ಕರೆ 3.6 ಗಿಗಾಹರ್ಟ್ಸ್ ವ್ಯತ್ಯಾಸ. ಆಗ ಕಾನ್‌ಸ್ಟಲೇಶನ್ ಒಂದೊಂದು ಸಿಂಬಲ್‌ಗೂ 21 ಡಿಗ್ರಿಗಿಂತ ಜಾಸ್ತಿ ತಿರುಗುತ್ತದೆ. ಇದನ್ನು ಮೊದಲೇ ಅಂದಾಜು ಮಾಡಿ ತೆಗೆದುಬಿಡಬಹುದು. ಉಳಿಯುವುದು ಲೇಸರ್‌ನ ಸಣ್ಣ ನಡುಕ. ಎರಡು ಲೇಸರ್ ಸೇರಿ ಲೈನ್‌ವಿಡ್ತ್ (ಆ ನಡುಕದ ಅಳತೆ) 200 ಕಿಲೋಹರ್ಟ್ಸ್ ಅಂತ ಇಟ್ಟುಕೊಂಡು 1,000 ಸಿಂಬಲ್ ತಡಕ್ಕೆ ಲೆಕ್ಕ ಹಾಕಿದರೆ ಫೇಸ್ ಸುಮಾರು 8 ಡಿಗ್ರಿ ಅಲೆದಿರುತ್ತದೆ. ಅದೂ ಸರಾಸರಿಯ ಮಾತು, ಕೆಲವೊಮ್ಮೆ ಇದರ ಎರಡರಷ್ಟು. 16-ಕ್ಯೂಎಎಂನ ಮೂಲೆಯ ಚುಕ್ಕಿ ಸುಮಾರು 17 ಡಿಗ್ರಿ ತಿರುಗಿದರೆ ಪಕ್ಕದ ಮನೆಗೆ ಹೋಗಿಬಿಡುತ್ತದೆ. ಅಂದರೆ 1,000 ಸಿಂಬಲ್ ಹಳೇ ಸುದ್ದಿ ಇಟ್ಟುಕೊಂಡು ಇಲ್ಲಿ ಬದುಕುವುದು ಸಾಧ್ಯವಿಲ್ಲ.

ಹಾಗಾಗಿ ಹಿಂದಕ್ಕೆ ಹೇಳಿ ಕಳಿಸುವ ವ್ಯವಸ್ಥೆಯೇ ಬೇಡ ಅಂತ ತೀರ್ಮಾನ. ಬಂದ ಸಿಂಬಲ್‌ಗಳನ್ನು ಸ್ವಲ್ಪ ಹೊತ್ತು ಬಫರ್‌ನಲ್ಲಿ ನಿಲ್ಲಿಸಿ, ಅವುಗಳಿಂದಲೇ ಫೇಸ್ ಅಂದಾಜು ಮಾಡಿ, ಅವುಗಳನ್ನೇ ತಿರುಗಿಸಿ ಮುಂದೆ ಕಳಿಸುವುದು. ತಡ ಆಗುತ್ತದೆ ನಿಜ, ಆದರೆ ಸಿಂಬಲ್‌ಗೂ ಅದರ ಉತ್ತರಕ್ಕೂ ಒಟ್ಟಿಗೇ ತಡ ಆಗುವುದರಿಂದ ಪರವಾಗಿಲ್ಲ. ಬ್ಲೈಂಡ್ ಫೇಸ್ ಸರ್ಚ್ ಅನ್ನುವ ಪದ್ಧತಿ ಇದರಲ್ಲಿ ಬಹಳ ಸರಳ. ಜರ್ಮನಿಯ ಪಾಡರ್‌ಬಾರ್ನ್‌ನ ಟಿಮೊ ಫೌ, ರೈನ್‌ಹೋಲ್ಡ್ ನೋಯೆ ಮತ್ತು ಜೊತೆಗಾರರು 2009ರಲ್ಲಿ ಕ್ಯೂಎಎಂಗೆ ಇದನ್ನು ಬರೆದದ್ದು ಹಾರ್ಡ್‌ವೇರ್‌ನ ಕಷ್ಟ ಗೊತ್ತಿದ್ದೇ. ಉದಾಹರಣೆಗೆ 32 ಕೋನ ಇಟ್ಟುಕೊಳ್ಳಿ. ಒಂದೊಂದು ಕೋನಕ್ಕೂ ಸಿಂಬಲ್ಲನ್ನು ತಿರುಗಿಸಿ ನೋಡಿ, ಯಾವುದರಲ್ಲಿ ಚುಕ್ಕಿಗಳಿಗೆ ಹತ್ತಿರ ಬೀಳುತ್ತದೋ ಅದೇ ಉತ್ತರ. ಯೋಚನೆ ಎಷ್ಟು ಸುಲಭ ಅಲ್ವಾ? ಈಗ ಬಿಲ್ ನೋಡಿ. 32 ಕೋನ, 120 ಸಾಲು, 2 ಪೋಲರೈಸೇಶನ್. ಪ್ರತಿ ಕ್ಲಾಕಿಗೆ 7,680 ಸಲ ತಿರುಗಿಸಬೇಕು. ಅಷ್ಟು ಹಾರ್ಡ್‌ವೇರ್ ಯಾರೂ ಕೊಡುವುದಿಲ್ಲ. ಪೈಲಟ್‌ಗಳಿಂದ ಒರಟಾಗಿ ಅಂದಾಜು ಮಾಡಿಕೊಂಡು, ಅದರ ಆಸುಪಾಸಿನಲ್ಲಿ ಮಾತ್ರ ನಾಲ್ಕೋ ಎಂಟೋ ಕೋನ ನೋಡುವ ಹಾಗೆ ಮಾಡಿಕೊಳ್ಳಬೇಕಾಗುತ್ತದೆ.

ಇದರಲ್ಲೂ ಒಂದು ಮುಳ್ಳಿದೆ. 16-ಕ್ಯೂಎಎಂ ಚೌಕವನ್ನು 90 ಡಿಗ್ರಿ ತಿರುಗಿಸಿದರೆ ಮತ್ತೆ ಅದೇ ಚೌಕ. ಗದ್ದಲದಲ್ಲಿ ಅಂದಾಜು ಒಂದು ಸಲ ತಪ್ಪಿ 90 ಡಿಗ್ರಿ ಜಾರಿದರೆ ಅಲ್ಲಿಂದ ಮುಂದೆ ಎಲ್ಲಾ ಬಿಟ್ ತಪ್ಪು, ಚಿತ್ರ ಮಾತ್ರ ಲಕ್ಷಣವಾಗಿ ಕಾಣುತ್ತಿರುತ್ತದೆ. ಇದಕ್ಕೆ ಸೈಕಲ್ ಸ್ಲಿಪ್ ಅನ್ನುತ್ತೇವೆ. ಬಹಳ ಅಪರೂಪಕ್ಕೆ ಆಗುತ್ತದೆ. ಎಷ್ಟು ಅಪರೂಪ ಅಂದರೆ 12 ಮೈಕ್ರೊಸೆಕೆಂಡಿನ ಸ್ಕೋಪ್ ಕ್ಯಾಪ್ಚರ್‌ನಲ್ಲಿ ಇದು ಕಣ್ಣಿಗೇ ಬೀಳದೆ ಹೋಗಬಹುದು. ಫೀಲ್ಡ್‌ನಲ್ಲಿ ದಿನಗಟ್ಟಲೆ ಓಡುವ ಲಿಂಕ್‌ಗೆ ಮಾತ್ರ ಕಾಣಿಸಿಕೊಳ್ಳುತ್ತದೆ. ಪ್ರತಿ 32 ಸಿಂಬಲ್‌ಗೆ ಒಂದು ಪೈಲಟ್ ಯಾಕೆ ದಂಡ ಮಾಡುತ್ತಾರೆ ಅಂತ ಕೇಳಿದರೆ, ಇದಕ್ಕೂ ಹೌದು.

ಅಪರೂಪದ ವಿಷಯ ಬಂತಲ್ಲ, ನನ್ನ ದಿನ ಹೆಚ್ಚು ಹೋಗುವುದು ಅಲ್ಲೇ. 400ಜಡ್‌ಆರ್‌ನಲ್ಲಿ ತಪ್ಪು ತಿದ್ದುವ ಮೊದಲು 80 ಬಿಟ್‌ಗೆ ಒಂದು ತಪ್ಪು ಇದ್ದರೂ ನಡೆಯುತ್ತದೆ. ಒಳಗೆ ಹ್ಯಾಮಿಂಗ್ ಕೋಡ್, ಹೊರಗೆ ಸ್ಟೇರ್‌ಕೇಸ್ ಕೋಡ್, ಎರಡೂ ಸೇರಿ ಅದನ್ನು 10ರ ಘಾತ 15 ಬಿಟ್‌ಗೆ ಒಂದು ತಪ್ಪಿಗೆ ಇಳಿಸಬೇಕು. 400 ಗಿಗಾಬಿಟ್ ವೇಗದಲ್ಲಿ ಅಷ್ಟು ಬಿಟ್ ಹೋಗಲು 2,500 ಸೆಕೆಂಡ್ ಬೇಕು, ಹತ್ತಿರ ಹತ್ತಿರ 42 ನಿಮಿಷ. ಒಂದು ತಪ್ಪು ಕಂಡರೆ ಸಾಲದು, ನಂಬಿಕೆ ಬರುವಷ್ಟು ಹೊತ್ತು ಕಾಯಬೇಕು. ಗಂಟೆಗಟ್ಟಲೆ. ಉಷ್ಣಾಂಶ ಬದಲಿಸಿ ಮತ್ತೆ ಗಂಟೆಗಟ್ಟಲೆ. ಚಿಪ್ ಬರುವ ಮೊದಲಂತೂ ಇನ್ನೂ ಕಷ್ಟ. 400ಜಡ್‌ಆರ್‌ನ ಒಂದು ಸೂಪರ್‌ಫ್ರೇಮ್ ಅಂದರೆ 1,81,888 ಸಿಂಬಲ್, ಬರೀ 3 ಮೈಕ್ರೊಸೆಕೆಂಡ್. ಇಡೀ ಡಿಸೈನ್‌ನ ಆರ್‌ಟಿಎಲ್ (ಚಿಪ್‌ನ ಸರ್ಕ್ಯೂಟನ್ನು ಬರೆದ ಕೋಡ್) ಸಿಮ್ಯುಲೇಶನ್‌ನಲ್ಲಿ ಅಷ್ಟನ್ನು ಓಡಿಸಲು ಸಂಜೆ ಶುರುಮಾಡಿ ಮನೆಗೆ ಹೋಗಬೇಕು. ಸಿಡಿಲಿನ ಪೂರ್ತಿ ಒಂದು ಹೊಡೆತ ನೂರು ಮೈಕ್ರೊಸೆಕೆಂಡ್ ಆಸುಪಾಸು. ಅದನ್ನು ಸಿಮ್ಯುಲೇಶನ್‌ನಲ್ಲಿ ನೋಡ್ತೀನಿ ಅಂದರೆ ಮ್ಯಾನೇಜರ್ ನಗುತ್ತಾರೆ. ಬೇಕಾದ ಸರ್ಕ್ಯೂಟನ್ನು ತುಂಬಿಸಬಹುದಾದ ಎಫ್‌ಪಿಜಿಎ ಚಿಪ್ ಮೇಲೆ ನಿಧಾನಗತಿಯಲ್ಲಿ ಓಡಿಸಿ ನೋಡುವುದೇ ದಾರಿ.

ಕರೆಂಟ್ ವಿಷಯ ಹೇಳದೆ ಮುಗಿಸುವ ಹಾಗಿಲ್ಲ. ಇಷ್ಟೆಲ್ಲಾ ಲೆಕ್ಕ ಕ್ಯೂಎಸ್‌ಎಫ್‌ಪಿ-ಡಿಡಿ ಅನ್ನುವ, ಬೆರಳಿನ ಉದ್ದದ ಮಾಡ್ಯೂಲ್ ಒಳಗೆ ಆಗಬೇಕು. ಲೇಸರ್, ಮಾಡ್ಯುಲೇಟರ್, ಡಿಎಸ್‌ಪಿ ಎಲ್ಲಾ ಸೇರಿ 15 ವ್ಯಾಟ್ ಆಸುಪಾಸಿನಲ್ಲಿ ಮುಗಿಯಬೇಕು. ಒಂದು ಬಿಟ್‌ಗೆ 37.5 ಪಿಕೊಜೌಲ್. ಹಾಗಾಗಿ ನಮ್ಮ ಮೀಟಿಂಗ್‌ಗಳಲ್ಲಿ ಜಗಳ ಆಗುವುದು ದೊಡ್ಡ ಸಿದ್ಧಾಂತಗಳ ಬಗ್ಗೆ ಅಲ್ಲ. ಎಫ್‌ಎಫ್‌ಟಿಯ ಈ ಹಂತದಲ್ಲಿ 9 ಬಿಟ್ ಬೇಕಾ, 8 ಸಾಕಾ? ಎಡಿಸಿ ಹೆಸರಿಗೆ 8 ಬಿಟ್, ಅಷ್ಟು ವೇಗದಲ್ಲಿ ನಿಜವಾಗಿ ಕೈಗೆ ಸಿಗುವುದು 5-6 ಬಿಟ್‌ನಷ್ಟೇ. ಅಂಥ ಸಿಗ್ನಲ್‌ಗೆ ಮುಂದೆ 12 ಬಿಟ್ ಲೆಕ್ಕ ಯಾಕೆ? ಒಂದೊಂದು ಬಿಟ್ ಕಿತ್ತುಹಾಕಿದಾಗಲೂ ಬಿಸಿ ಸ್ವಲ್ಪ ಇಳಿಯುತ್ತದೆ. ಸಿಗ್ನಲ್ ಗುಣಮಟ್ಟವೂ ಸ್ವಲ್ಪ ಇಳಿಯುತ್ತದೆ. ಡೆಸಿಬೆಲ್‌ನ ಹತ್ತನೇ ಒಂದು ಭಾಗಕ್ಕೆ ವಾರಗಟ್ಟಲೆ ಜಗ್ಗಾಟ ನಡೆಯುತ್ತದೆ.

ಈಚೆಗೆ ಡಿಎಸ್‌ಪಿಯನ್ನೇ ಮಾಡ್ಯೂಲ್‌ನಿಂದ ತೆಗೆದುಬಿಡೋಣ ಅನ್ನುವ ಮಾತು ಜೋರಾಗಿದೆ. ಲೀನಿಯರ್ ಪ್ಲಗಬಲ್ ಆಪ್ಟಿಕ್ಸ್, ಚಿಕ್ಕದಾಗಿ ಎಲ್‌ಪಿಒ ಅನ್ನುತ್ತಾರೆ. ಒಂದೇ ಡೇಟಾ ಸೆಂಟರ್ ಒಳಗೆ, ರ‍್ಯಾಕ್‌ನಿಂದ ರ‍್ಯಾಕ್‌ಗೆ, ಪಿಎಎಂ-4 (ಬೆಳಕಿನ ನಾಲ್ಕು ಮಟ್ಟ ಮಾತ್ರ ಬಳಸುವ) ಸಿಗ್ನಲ್ ಕಳಿಸುವ ಕಡೆ ಇದು ಸರಿಯಾದ ಮಾತೇ. ಅಲ್ಲಿ ಸ್ವಿಚ್ ಚಿಪ್‌ನೊಳಗಿನ ಈಕ್ವಲೈಸರೇ ಆ ಕೆಲಸ ಮಾಡಿಕೊಳ್ಳಬಹುದು. ಆದರೆ 120 ಕಿಲೋಮೀಟರ್ ಕೊಹೆರೆಂಟ್ ಲಿಂಕ್‌ಗೆ ಅದೇ ಮಾತು ಹೇಳುವವರು ಮೇಲಿನ ಲೆಕ್ಕ ಹಾಕಿ ನೋಡಿಲ್ಲ. ಅಲ್ಲಿ ಕೆಲಸ ಕಮ್ಮಿ ಆಗುತ್ತಿಲ್ಲ, ಜಾಸ್ತಿ ಆಗುತ್ತಿದೆ. ಮುಂದಿನ ಮಾನದಂಡವಾದ 800ಜಡ್‌ಆರ್‌ನಲ್ಲಿ ಸಿಂಬಲ್ ವೇಗ ಸುಮಾರು 118 ಗಿಗಾ, ಹಳೆಯದರ ಎರಡರಷ್ಟು. ಸಿಗ್ನಲ್ ಅಗಲ ಎರಡು ಪಟ್ಟು, ಸಿಂಬಲ್ ಸಮಯ ಅರ್ಧ. ಹಾಗಾಗಿ ಅದೇ 120 ಕಿಲೋಮೀಟರಿಗೆ ಡಿಸ್ಪರ್ಶನ್ ನಾಲ್ಕು ಪಟ್ಟು ಸಿಂಬಲ್‌ಗಳ ಮೇಲೆ ಹರಡುತ್ತದೆ, ಸುಮಾರು 230. ಕ್ಲಾಕ್ ಅಷ್ಟೇನೂ ಏರುವುದಿಲ್ಲ. ಹಾಗಾಗಿ ಜಗಲಿಯ ಮೇಲೆ 120ರ ಬದಲು 240 ಜನ. ಲೂಪ್‌ನ ತಡ ನ್ಯಾನೊಸೆಕೆಂಡಿನಲ್ಲಿ ಅಷ್ಟೇ ಇದ್ದರೂ ಸಿಂಬಲ್ ಲೆಕ್ಕದಲ್ಲಿ ಎರಡರಷ್ಟು.

ಕಾಲೇಜಿನವರು ಕೆಲವರು ಮೇಲ್ ಮಾಡಿ ಏನು ಓದಬೇಕು, ಯಾವ ಕೋರ್ಸ್ ಮಾಡಬೇಕು ಅಂತ ಕೇಳುತ್ತಿರುತ್ತಾರೆ. ಕೋರ್ಸ್ ಆಮೇಲೆ. ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಇದ್ದರೆ ಸಾಕು, ಇದೊಂದು ಮಾಡಿ ನೋಡಿ. 16-ಕ್ಯೂಎಎಂ ಸಿಂಬಲ್‌ಗಳ ಎರಡು ಸಾಲು ಮಾಡಿಕೊಳ್ಳಿ. ಒಂದು 2x2 ಮ್ಯಾಟ್ರಿಕ್ಸ್‌ನಿಂದ ಕಲಸಿ, ಗದ್ದಲ ಸೇರಿಸಿ. ಬಿಡಿಸಲು ಎಲ್‌ಎಂಎಸ್ (ತಪ್ಪು ನೋಡಿ ಫಿಲ್ಟರನ್ನು ಸ್ವಲ್ಪ ಸ್ವಲ್ಪ ತಿದ್ದುವ ಅಲ್ಗಾರಿದಂ) ಬರೆಯಿರಿ. ಪುಸ್ತಕದಲ್ಲಿ ಇರುವ ಹಾಗೇ ಬರೆದರೆ ಚೆನ್ನಾಗಿ ಓಡುತ್ತದೆ. ಆಮೇಲೆ ಒಂದೇ ಒಂದು ಸಾಲು ಬದಲಿಸಿ: ಈಗಿನ ತಪ್ಪಿನ ಬದಲು 1,200 ಸಿಂಬಲ್ ಹಿಂದಿನ ತಪ್ಪನ್ನೂ ಅದೇ ಹಳೇ ಇನ್‌ಪುಟ್ಟನ್ನೂ ಬಳಸಿ ತಿದ್ದಿ. ಅದೇ ಸ್ಟೆಪ್ ಸೈಜ್ (ಒಂದು ಸಲಕ್ಕೆ ಎಷ್ಟು ತಿದ್ದಬೇಕು ಅನ್ನುವುದು) ಇಟ್ಟರೆ ಟ್ಯಾಪ್‌ಗಳು (ಫಿಲ್ಟರ್‌ನ ಗುಣಾಂಕಗಳು) ತೂಗಾಡಿ ಹಾರಿಹೋಗುವುದು ನಿಮಗೇ ಕಾಣುತ್ತದೆ. ಸ್ಟೆಪ್ ಇಳಿಸುತ್ತಾ ಬನ್ನಿ, ಒಂದು ಕಡೆ ನಿಲ್ಲುತ್ತದೆ. ಈಗ ಕಲಸುವ ಮ್ಯಾಟ್ರಿಕ್ಸನ್ನು ನಿಧಾನವಾಗಿ ತಿರುಗಿಸಿ, ಮಿಲಿಸೆಕೆಂಡಿಗೆ 50 ರೇಡಿಯನ್. ಹಿಡಿದುಕೊಂಡು ಹೋಗುತ್ತದೆ. ಸಿಡಿಲಿನ ವೇಗ, ಸೆಕೆಂಡಿಗೆ 50 ಲಕ್ಷ ರೇಡಿಯನ್ ಮಾಡಿ. ಹಿಂದೆ ಬೀಳುತ್ತದೆ. ಹಿಡಿಯಲಿ ಅಂತ ಸ್ಟೆಪ್ ಏರಿಸಿದರೆ ಮತ್ತೆ ತೂಗಾಟ. ಈ ಎರಡರ ನಡುವೆ ಜಾಗ ಎಷ್ಟಿದೆ ಅಂತ ಒಂದು ಗ್ರಾಫ್ ಹಾಕಿ. ಆ ಜಾಗ ಪೂರ್ತಿ ಮುಚ್ಚಿಹೋದ ದಿನ ನಮ್ಮ ಆಫೀಸಿನಲ್ಲಿ ಮೀಟಿಂಗ್ ಕರೆಯುತ್ತಾರೆ.